ವಿಮಾನವೇರುವ ಬೈಸಿಕಲ್ಲು

ಬೈಸಿಕಲ್ಲು ನೆಲದ ಮೇಲೆ ಓಡತಕ್ಕ ವಾಹನ. ಅದಕ್ಕೂ ವಿಮಾನಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. 2008ನೆಯ ಇಸವಿಯ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ತೆರೆದಂದಿನಿಂದ ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯವರಿಗೆ ಈ ಪ್ರಶ್ನೆ ಅಷ್ಟೇನೂ ವಿಚಿತ್ರವಾಗಿ ಉಳಿದಿಲ್ಲ. ರಜೆಯ ದಿನ ಬೆಳಗಿನ ಜಾವದಲ್ಲಿ ನಂದಿಬೆಟ್ಟದ ಕಡೆಗೆ ಸೈಕಲ್ ತುಳಿಯುವ ತರುಣರು ತಲೆಯ ಮೇಲೆ ವಿಮಾನಗಳು ಏರುವುದನ್ನು ಕಾಣುತ್ತಾರೆ. ಈ ಸೈಕಲ್ಲಿನೊಡನೆಯೇ ಅಸ್ಸಾಮಿಗೋ ಕಚ್ಛಕ್ಕೋ ಹೋಗಿ ಅಲ್ಲಿನ ಊರುಗಳನ್ನು ಸುತ್ತಿಬಂದರೆ ಹೇಗೆ ಎಂಬ ಆಸೆ ಹುಟ್ಟುವುದು ಸಹಜವೇ. ಆದರೆ ವಿದ್ಯಾರ್ಥಿಯಾದವನು ವರ್ಷಗಟ್ಟಲೆ ಕೂಡಿಟ್ಟ ಹಣದಿಂದ ಒಂದೇ ಒಂದು ಸೈಕಲ್ಲನ್ನು ಕೊಳ್ಳಬಲ್ಲ. ಅಂಗಡಿಯವನು ಮೊದಲು ಹೊಗಳುವುದು ಹಗುರವನ್ನು. ಅದಕ್ಕಿಂತ ಮುಂಚೆ ಚಕ್ರದ ಅಳತೆಯನ್ನು ನೋಡಬೇಕೆಂಬುದು ನನ್ನ ಅಭಿಪ್ರಾಯ.

ಈ ಬುದ್ಧಿ ನನಗೆ ಪೆಟ್ಟು ತಿಂದು ಬಂದದ್ದು. ಅಲ್ಯೂಮಿನಿಯಂ ಚೌಕಟ್ಟಿನ, ದೊಡ್ಡ ಚಕ್ರದ ಸೈಕಲ್ಲೊಂದನ್ನು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಒಮ್ಮೆ ವಿಮಾನಕ್ಕೆ ಹಾಕಿದ್ದೆ. ಗಾತ್ರ ಮಿತಿಮೀರಿತೆಂದು ಹೆಚ್ಚಿನ ಹಣ ತೆತ್ತದ್ದಾಯಿತು. ಇಳಿದು ನೋಡಿದರೆ ಗೇರು ಬದಲಿಸುವ ಸಾಧನವನ್ನು ಹಿಡಿದಿರುವ ಕಿವಿ ಮುರಿದಿತ್ತು. ಆ ಊರಿನ ಬೆಸುಗೆಯವನು ಸಜ್ಜನ. ಕಬ್ಬಿಣವಾಗಿದ್ದರೆ ಕೂಡಿಸಿಕೊಡುತ್ತಿದ್ದೆನೆಂದು ಹೇಳಿ ಕೈಚೆಲ್ಲಿದ. ಉಳಿದ ಪ್ರವಾಸವನ್ನು ನಾನು ಬಸ್ಸಿನಲ್ಲಿ ಮಾಡಿದೆ.

ವಿಮಾನದಲ್ಲಿ ಸಾಮಾನಿನ ಉದ್ದ, ಅಗಲ, ಎತ್ತರಗಳನ್ನು ಕೂಡಿದರೆ 158 ಸೆಂಟಿಮೀಟರು ಮೀರಬಾರದೆಂಬುದು ಬಹುಮಟ್ಟಿಗೆ ಎಲ್ಲೆಡೆಯೂ ಕಾಣುವ ನಿಯಮ. ದೊಡ್ಡ ಚಕ್ರದ ಪಟ್ಟಿಯ ಮೇಲೆ ಟೈರು ಕೂರುವ ವ್ಯಾಸ 622 ಮಿಲಿಮೀಟರು. ಟೈರೂ ಸೇರಿದರೆ ಸುಮಾರು 68 ಸೆಂಟಿಮೀಟರು. ಎರಡು ದಿಕ್ಕಿಗೂ ಅಷ್ಟಷ್ಟು ಜಾಗ ಕೊಟ್ಟರೆ ಪೆಟ್ಟಿಗೆಯ ದಪ್ಪಕ್ಕೆ ಉಳಿಯುವುದು ಬರೀ 22. ಚೌಕಟ್ಟನ್ನು ನಡುವೆ ಕತ್ತರಿಸಿ ತಿರುಪಿನ ಕೀಲುಗಳನ್ನು ಕೂಡಿಸಿ, ಟೈರಿನ ಗಾಳಿ ತೆಗೆದು, 66, 66, 26ರ ಪೆಟ್ಟಿಗೆಯಲ್ಲಿ ಇಂಥದನ್ನು ಅಡಕಿಸುವವರೂ ಇದ್ದಾರೆ. ಅದು ಹಣವಂತರ ಕೆಲಸ. 20 ಅಂಗುಲದ ಚಕ್ರವಾದರೋ ಟೈರೂ ಸೇರಿ 49 ಸೆಂಟಿಮೀಟರು; ಸಾಧಾರಣ ಸೂಟ್‌ಕೇಸಿನಲ್ಲಿಯೇ ಮಲಗುತ್ತದೆ. ಆದರೆ ಚೌಕಟ್ಟು ಮಡಚಿದ ಮಾತ್ರಕ್ಕೆ ಕೆಲಸ ತೀರದು. ಚಕ್ರ, ಪೆಡಲು, ಆಸನಗಳನ್ನೂ ಕಳಚಬೇಕು. ದೇಶದೊಳಗಿನ ಹಲವು ವಿಮಾನಗಳಲ್ಲಿ ಬಿಟ್ಟಿ ಸಾಮಾನಿಗೆ ಮಿತಿ 15 ಕಿಲೋಗ್ರಾಂ. ತೂಕದ ಲೆಕ್ಕ ಬರುವುದು ಇಲ್ಲಿ.

ಸಣ್ಣ ಚಕ್ರವೆಂದರೆ ಮಕ್ಕಳಾಟಿಕೆಯೆಂದು ಹಳಿಯುವವರು ಅಲೆಕ್ಸ್ ಮೌಲ್ಟನ್ನನನ್ನು ನೆನೆಯಬೇಕು. 1959ರ ಮಿನಿ ಕಾರಿಗೆ ರಬ್ಬರಿನ ತೂಗುವ್ಯವಸ್ಥೆಯನ್ನು ರಚಿಸಿದ ಈ ಆಂಗ್ಲ ಎಂಜಿನಿಯರು 1962ರಲ್ಲಿ ಸಣ್ಣ ಚಕ್ರದ ಸೈಕಲ್ಲನ್ನು ಹೊರತಂದನು. ಸಣ್ಣ ಚಕ್ರವು ಹಳ್ಳದೊಳಕ್ಕೆ ಹೆಚ್ಚು ಇಳಿಯುತ್ತದೆ, ಕುಲುಕುತ್ತದೆ ಎಂಬುದು ನಿಜ. ಅದಕ್ಕೇ ಆತ ರಬ್ಬರನ್ನು ಸೇರಿಸಿದ್ದು. ನಮ್ಮ ಮಟ್ಟಿಗೆ ದಪ್ಪ ಟೈರು ಸಾಕು. ಇನ್ನು ವೇಗ: 49 ಸೆಂಟಿಮೀಟರಿನ ಚಕ್ರ ಒಂದು ಸುತ್ತಿಗೆ ಸುಮಾರು ಒಂದೂವರೆ ಮೀಟರು ಮುಂದರಿದರೆ ದೊಡ್ಡದು ಎರಡು ಮೀಟರಿಗೂ ಮಿಗಿಲು. ಮುಂದಿನ ಹಲ್ಲುಚಕ್ರವನ್ನು ದೊಡ್ಡದು ಮಾಡಿದರೆ ಆ ಕೊರತೆ ತುಂಬುತ್ತದೆ. ನಂದಿಯ ಏರಿನಲ್ಲಂತೂ ಆ ಕೊರತೆಯೇ ಉಪಕಾರ.

ಚಕ್ರದ ಹೆಸರನ್ನು ಮಾತ್ರ ನಂಬಬಾರದು. 16 ಅಂಗುಲವೆಂದು ಕರೆಯುವ ಟೈರುಗಳಲ್ಲಿ 349 ಮಿಲಿಮೀಟರಿನದೂ ಉಂಟು, 305ರದೂ ಉಂಟು. ಒಂದರ ಟೈರು ಇನ್ನೊಂದಕ್ಕೆ ಕೂರದು. ಬಹು ಸೊಗಸಾಗಿ ಮಡಚುವ ಬ್ರಾಂಪ್ಟನ್ನಿನ ಸೈಕಲ್ಲು 349ರದು. ಹೊಸಕೋಟೆಯಲ್ಲಿಯೋ ನೆಲಮಂಗಲದಲ್ಲಿಯೋ ಅದರ ಟೈರು ಹರಿದರೆ ಪಾಡೇನು? 20 ಅಂಗುಲದ 406 ಮಿಲಿಮೀಟರಿನ ಟೈರನ್ನಾದರೆ ಮಕ್ಕಳ ಸೈಕಲ್ಲಿಗೆಂದು ತಾಲ್ಲೂಕು ಪೇಟೆಗಳಲ್ಲಿ ಇಟ್ಟಿರುತ್ತಾರೆ. ಆದುದರಿಂದ ನನ್ನ ಮತ 406ಕ್ಕೆ, ಉಕ್ಕಿನ ಚೌಕಟ್ಟಿಗೆ, ತಂತಿಯೆಳೆತದ ಬ್ರೇಕಿಗೆ.

ಟೈರಿನ ಗಾಳಿ ಬಿಡದಿದ್ದರೆ ವಿಮಾನದಲ್ಲಿ ಅದು ಸಿಡಿಯುವುದೆಂಬ ಭಯ ಹಲವರಿಗಿದೆ. ದೇವನಹಳ್ಳಿಯ ನಿಲ್ದಾಣವಿರುವುದು ಸುಮಾರು 915 ಮೀಟರು ಎತ್ತರದಲ್ಲಿ. ಅಲ್ಲಿನ ವಾಯುಭಾರ ಸಮುದ್ರಮಟ್ಟದ ಹತ್ತರಲ್ಲಿ ಒಂಬತ್ತು ಪಾಲು. ಪ್ರಯಾಣಿಕರ ಜೆಟ್ ವಿಮಾನದಲ್ಲಿ ಸಾಮಾನಿನ ಕೋಣೆಗೂ ಒತ್ತಡ ಕಾಪಾಡುತ್ತಾರೆ. ಅದು ಸುಮಾರು 2400 ಮೀಟರಿನ ಎತ್ತರದ ವಾಯುಭಾರಕ್ಕಿಂತ ಕೆಳಗಿಳಿಯುವುದಿಲ್ಲ. ವ್ಯತ್ಯಾಸ ಒಂದು ವಾಯುಭಾರದ ಆರನೆಯ ಒಂದು ಪಾಲಿನಷ್ಟು. 2200 ಮೀಟರಿಗೂ ಮೇಲಿರುವ ಊಟಿಗೆ ಹೋಗುವ ಬಸ್ಸು ದಾರಿಯಲ್ಲಿ ಗಾಳಿ ಬಿಡುತ್ತದೆಯೇ? ಆದರೂ ಬಿಡಿರೆಂದು ಸಿಬ್ಬಂದಿ ಹೇಳಿದರೆ ಬಿಡುವುದೇ ವಿವೇಕ. ವಾದಕ್ಕೆ ನಿಂತರೆ ವಿಮಾನ ತಪ್ಪೀತು. ನಿಜವಾದ ತಡೆ ವಿದ್ಯುತ್ ಸೈಕಲ್ಲಿನ ಲಿಥಿಯಂ ಬ್ಯಾಟರಿ. 160 ವಾಟ್-ಗಂಟೆ ಮೀರಿದ್ದನ್ನು ಪ್ರಯಾಣಿಕರು ಒಯ್ಯುವಂತಿಲ್ಲ. ಅಂಥ ಸೈಕಲ್ಲುಗಳ ಬ್ಯಾಟರಿ ಸಾಮಾನ್ಯವಾಗಿ ಅದಕ್ಕಿಂತ ಬಹಳ ದೊಡ್ಡದು.

ಇಳಿದ ಮೇಲೆ ಖಾಲಿ ಪೆಟ್ಟಿಗೆಯನ್ನು ಎಲ್ಲಿಡುವುದು? ಅಮೆರಿಕದ ಆರೆಗಾನಿನ ಬೈಕ್ ಫ್ರೈಡೇ ಕಾರ್ಖಾನೆಯವರು ಸೂಟ್‌ಕೇಸಿಗೇ ಗಾಲಿ ಜೋಡಿಸಿ, ಸೈಕಲ್ಲಿನ ಹಿಂದೆ ಬಂಡಿಯಂತೆ ಎಳೆಯುವ ಉಪಾಯ ಹೂಡಿದರು. ನಾನು ಈಗ ದಪ್ಪ ಬಟ್ಟೆಯ ಚೀಲಕ್ಕೆ ಒಳಗಡೆ ರಟ್ಟು ಹೊದಿಸುತ್ತೇನೆ. ಇಳಿದ ಊರಿನಲ್ಲಿ ರಟ್ಟನ್ನು ಗುಜರಿಗೆ ಕೊಟ್ಟು, ಚೀಲವನ್ನು ಸುತ್ತಿ ಕ್ಯಾರಿಯರಿಗೆ ಕಟ್ಟಿಬಿಡುತ್ತೇನೆ. ಹಿಂದಿರುಗುವ ದಿನ ಯಾವುದಾದರೊಂದು ಕಿರಾಣಿ ಅಂಗಡಿಯಲ್ಲಿ ಬೇರೆ ರಟ್ಟು ದೊರೆಯುತ್ತದೆ.