ಗೃಹಸ್ಥರೊಡನೆ ಎರಡು ಮಾತು: ಕಡೆಯ ಬಸ್ಸಿನ ವೇಳೆ



ಸುಗ್ಗಿಯ ಕೆಲಸ ಮುಗಿದು ಬಿಸಿಲೇರುವುದಕ್ಕೆ ಮುಂಚಿನ ಎರಡು ಮೂರು ತಿಂಗಳು ನಮ್ಮ ಸೀಮೆಯಲ್ಲಿ ವಿದ್ವದ್ಗೋಷ್ಠಿಗಳ ಕಾಲ. ಕಾಲೇಜುಗಳಲ್ಲಿಯೂ ಮಠಗಳಲ್ಲಿಯೂ ಸಾಹಿತ್ಯ ಸಂಘಗಳಲ್ಲಿಯೂ ಒಂದರ ಹಿಂದೊಂದು ವಿಚಾರಸಂಕಿರಣಗಳು ಜರಗುವುವು. ನನ್ನಂಥ ನಿವೃತ್ತ ಉಪಾಧ್ಯಾಯನ ಮನೆಗೂ ಆಮಂತ್ರಣ ಪತ್ರಿಕೆಗಳು ಬರುತ್ತವೆ. ಉದ್ಘಾಟಕರು ಯಾರು, ಅಧ್ಯಕ್ಷರು ಯಾರು, ಸನ್ಮಾನ ಯಾರಿಗೆ ಎಂಬುದೆಲ್ಲ ಅವುಗಳಲ್ಲಿ ದಪ್ಪಕ್ಷರಗಳಿಂದ ಅಚ್ಚಾಗಿರುತ್ತದೆ. ಆದರೆ ಅಲ್ಲಿಗೆ ಹೋಗುವುದು ಹೇಗೆ, ಸಂಜೆಗೆ ತಿರುಗಿ ಮನೆ ಸೇರುವುದು ಹೇಗೆ ಎಂಬುದಕ್ಕೆ ಒಂದು ಸಾಲೂ ಇರುವುದಿಲ್ಲ. ಇದೇನು ಮಹಾ ವಿಷಯವೆಂದು ನೀವು ಕೇಳಬಹುದು. ನಾನೂ ಹಾಗೆಯೇ ಎಣಿಸಿದ್ದೆನು. ಹೋದ ವರ್ಷ ನನ್ನಿಂದಲೇ ಆದ ಒಂದು ತಪ್ಪು ನನ್ನ ಕಣ್ಣು ತೆರೆಯಿಸಿತು. ಅದನ್ನು ಮುಚ್ಚಿಡದೆ ಹೇಳಿಬಿಡುವುದೇ ಈ ತಿಂಗಳ ಮಾತು.

ನನ್ನ ವಾಸ ಶಹಾಬಾದಿನಲ್ಲಿ. ನಿಮ್ಮಲ್ಲಿ ಎಷ್ಟೋ ಮಂದಿಯ ಮನೆಯ ನೆಲಕ್ಕೆ ಹಾಸಿರುವ ಕಲ್ಲು ಈ ಊರಿನ ಹೆಸರನ್ನೇ ಹೊತ್ತಿರುವುದರಿಂದ ಬೇರೆ ಪರಿಚಯ ಬೇಕಾಗಿಲ್ಲ. ಸೇಡಂನಲ್ಲಿ ನಮ್ಮ ಭಾಗದ ಶಾಸನಗಳನ್ನು ಕುರಿತು ಒಂದು ದಿನದ ಗೋಷ್ಠಿ ಏರ್ಪಟ್ಟಿತ್ತು. ನನಗೂ ಮಾತನಾಡಲು ಹೇಳಿಕೆ ಬಂದಿತ್ತು. ಮೋಟಾರು ಕಳುಹಿಸುವೆವೆಂದು ವ್ಯವಸ್ಥಾಪಕರು ಹೇಳಿದರೂ, ಒಬ್ಬನಿಗಾಗಿ ಅಷ್ಟು ವೆಚ್ಚವೇಕೆಂದು ಬೇಡವೆಂದೆನು. ರೈಲೇ ನನಗೆ ಸುಖ.

ಶಹಾಬಾದಿನಿಂದ ವಾಡಿಗೆ ರೈಲಿನಲ್ಲಿ ಅಲ್ಪ ಕಾಲದ ದಾರಿ. ಮುಂಬಯಿಯ ಕಡೆಯಿಂದ ಬಂದ ಹಳಿ ವಾಡಿ ಜಂಕ್ಷನ್ನಿನಲ್ಲಿ ಎರಡಾಗಿ ಒಡೆಯುತ್ತದೆ: ಒಂದು ರಾಯಚೂರಿನ ಕಡೆಗೆ, ಮತ್ತೊಂದು ಸಿಕಂದರಾಬಾದಿನ ಕಡೆಗೆ. ೧೮೭೧ರಲ್ಲಿ ಮುಂಬಯಿ ಮದರಾಸುಗಳ ಹಳಿಗಳು ರಾಯಚೂರಿನಲ್ಲಿ ಕೂಡಿದುವು. ೧೮೭೪ರಲ್ಲಿ, ನಿಜಾಮರ ಆಳಿಕೆಯಲ್ಲಿ, ವಾಡಿಯಿಂದ ಸಿಕಂದರಾಬಾದಿನ ದಾರಿ ತೆರೆಯಿತು. ಈ ಎರಡನೆಯ ದಾರಿಯ ಮೇಲೆಯೇ ಚಿತ್ತಾಪುರ, ಮಳಖೇಡ ರೋಡ್, ಸೇಡಂ ನಿಲ್ದಾಣಗಳು ಇರುವುವು. ಈ ದಾರಿಗೆ ಹೊಸಬರಾದವರು ಎರಡು ಸಂಗತಿಗಳನ್ನು ತಿಳಿದಿರಬೇಕು. ವೇಗದ ಗಾಡಿಗಳೆಲ್ಲವೂ ಸಣ್ಣ ನಿಲ್ದಾಣಗಳಲ್ಲಿ ನಿಲ್ಲುವುದಿಲ್ಲ. ಆದಕಾರಣ ತಾನು ಇಳಿಯಬೇಕಾದಲ್ಲಿ ಗಾಡಿ ನಿಲ್ಲುವುದೇ ಎಂದು ಟಿಕೀಟು ಕೊಳ್ಳುವಾಗಲೇ ಕೇಳಿಕೊಳ್ಳತಕ್ಕದ್ದು. ಎರಡನೆಯದಾಗಿ, ಮಳಖೇಡ ರೋಡಿನಲ್ಲಿ ಇಳಿದವನು ಮಳಖೇಡದಲ್ಲಿ ಇಳಿದಂತಾಗಲಿಲ್ಲ. ಹೆಸರಿನ ತುದಿಗೆ 'ರೋಡ್' ಎಂದಿದ್ದರೆ ಊರು ಇನ್ನೂ ದೂರವುಂಟೆಂದು ಹಳಬರು ಬಲ್ಲರು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಆ ಊರನ್ನು ನೋಡಬೇಕೆನ್ನುವವರಿಗೆ ಕಲಬುರಗಿಯಿಂದ ಸೇಡಂಗೆ ಹೋಗುವ ಬಸ್ಸೇ ಮೇಲು. ಕಲಬುರಗಿಯಿಂದ ಸುಮಾರು ೪೦ ಕಿಲೋಮೀಟರು, ಕಾಗಿಣಾ ನದಿಯ ದಡದಲ್ಲಿಯೇ ಊರು ಕಾಣುವುದು.

ಸೇಡಂ ನಿಲ್ದಾಣದಲ್ಲಿ ಇಳಿದು, ಇತರರೊಡನೆ ಟಂಟಂ ಹತ್ತಿ, ಹತ್ತು ಗಂಟೆಯ ಸಭೆಗೆ ಒಂಬತ್ತೂವರೆಗೇ ಹೋಗಿ ಕುಳಿತೆನು. ಆಗಲೇ ಅಲ್ಲಿ ಒಬ್ಬ ಉಪಾಧ್ಯಾಯಿನಿಯವರು ಕಾಗದಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದರು. ಚಿಂಚೋಳಿ ತಾಲ್ಲೂಕಿನ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯವರು. ಚಿಂಚೋಳಿಗೆ ರೈಲಿಲ್ಲ, ತಮ್ಮ ಹಳ್ಳಿಯಿಂದ ಚಿಂಚೋಳಿಗೆ ಒಂದು ಬಸ್ಸು, ಅಲ್ಲಿಂದ ಸೇಡಂಗೆ ಇನ್ನೊಂದು ಬಸ್ಸು, ಹೀಗೆ ನಸುಕಿನಲ್ಲಿಯೇ ಹೊರಟು ಬಂದಿದ್ದರು. ಅವರ ಊರ ಹೊರಗಿನ ಹಾಳುಬಾವಿಯ ಮೆಟ್ಟಿಲಿಗೆ ಹಾಕಿದ್ದ ಒಂದು ಕಲ್ಲಿನಲ್ಲಿ ಅಕ್ಷರಗಳಿದ್ದುವಂತೆ. ಅದಕ್ಕೆ ಹಿಟ್ಟು ಸವರಿ, ಓದಲು ಬಂದಷ್ಟನ್ನು ಶಾಲೆಯ ಪುಸ್ತಕದ ಹಾಳೆಗಳಲ್ಲಿ ಬರೆದು ತಂದಿದ್ದರು. ಸಭೆಯಲ್ಲಿ ಅದನ್ನು ಓದುವುದೇ ಅವರ ಪ್ರಬಂಧ. ಪಟ್ಟಿಯಲ್ಲಿ ಅವರ ಹೆಸರು ಎಲ್ಲರಿಗಿಂತ ಕೆಳಗಿತ್ತು.

ಉದ್ಘಾಟಕರ ಮೋಟಾರು ತಡವಾಗಿ ಬಂದುದರಿಂದ ಹತ್ತು ಗಂಟೆಯ ಸಭೆ ಹನ್ನೆರಡಕ್ಕೆ ಮೊದಲಾಯಿತು. ಹಾರ, ಶಾಲು, ಸ್ವಾಗತ, ಪ್ರಾಸ್ತಾವಿಕ ಎಲ್ಲವೂ ಸಾಂಗವಾಗಿ ನಡೆದುವು. ನನ್ನ ಸರದಿ ಬಂದಾಗ ಊಟದ ಹೊತ್ತು ಮೀರಿ ಬಹಳವಾಗಿತ್ತು. ನನಗೆ ಕೊಟ್ಟ ಕಾಲ ಇಪ್ಪತ್ತು ನಿಮಿಷ. ನಾನು ತೆಗೆದುಕೊಂಡುದು ಐವತ್ತು.

ನಾನು ಮಾತನಾಡಿದ ವಿಷಯವನ್ನು ಕೇಳಿದರೆ ನೀವು ನಗುವಿರಿ. ಚಿತ್ತಾಪುರ ತಾಲ್ಲೂಕಿನಲ್ಲಿ ಭೀಮಾ ನದಿಯ ತೀರದಲ್ಲಿರುವ ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, ಕಾಳಿಯ ಮೂರ್ತಿಗೆ ಪೀಠವಾಗಿ ಬಳಸಿದ್ದ ಒಂದು ಕಲ್ಲಿನ ಮೇಲೆ ಅಶೋಕನ ಶಾಸನಗಳಿರುವುದು ೧೯೮೯ರಲ್ಲಿ ಬೆಳಕಿಗೆ ಬಂದಿತು. ಅವುಗಳಲ್ಲಿ ಆತನ ಹನ್ನೆರಡನೆಯ ಬಂಡೆಶಾಸನವೂ ಒಂದು. ಒಬ್ಬರ ಧರ್ಮವನ್ನು ಮತ್ತೊಬ್ಬರು ಆದರದಿಂದ ಕೇಳಬೇಕು, ಅದಕ್ಕೆ ಮೂಲ ಮಾತಿನ ಸಂಯಮ, ಎಂಬುದು ಅದರ ತಾತ್ಪರ್ಯ. ಸಂಸ್ಕೃತದಲ್ಲಿ ಹೇಳುವುದಾದರೆ ವಾಗ್ಗುಪ್ತಿ. ಈ ವಾಗ್ಗುಪ್ತಿಯನ್ನು ಕುರಿತು ನಾನು ಐವತ್ತು ನಿಮಿಷ ಬಾಯಿ ಮುಚ್ಚದೆ ಮಾತನಾಡಿದೆನು! ನಮ್ಮ ಶಹಾಬಾದಿಗೆ ನೆರೆಯ ಮರತೂರಿನ ಹೆಸರಿನೊಡನೆ ಸೇರಿದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಯ ಮೇಲಿನ ತನ್ನ ಹಿರಿಯ ವ್ಯಾಖ್ಯಾನಕ್ಕೆ 'ಮಿತಾಕ್ಷರಾ' ಎಂದು ಹೆಸರಿಟ್ಟನೆಂಬುದೂ ಆಗ ನನ್ನ ನೆನಪಿಗೆ ಬರಲಿಲ್ಲ.

ನಾನು ವೇದಿಕೆಯಿಂದ ಇಳಿದಾಗ ಆ ಉಪಾಧ್ಯಾಯಿನಿಯವರು ಚೀಲವನ್ನು ಹೆಗಲಿಗೆ ಹಾಕಿಕೊಂಡು ಹತ್ತಿರ ಬಂದರು.

"ಗುರುಗಳೇ, ಬಸ್ಸಿನ ಹೊತ್ತಾಯ್ತ್ರಿ. ಚಿಂಚೋಳಿಯಿಂದ ನಮ್ಮೂರಿಗಿ ಕಡೀ ಬಸ್ಸು ತಪ್ಪಿದ್ರ ಮತ್ತ ನಾಳಿ ಮುಂಜಾನೀನೇ. ನಾ ಹೊಂಟೀನ್ರಿ."

"ನಿನ್ನ ಪ್ರಬಂಧ, ತಂಗೀ?"

"ಮುಂದಿನ ಸರ್ತಿ ಓದ್ತೀನ್ರಿ" ಎಂದು ನಮಸ್ಕರಿಸಿ ಹೊರಟುಹೋದರು.

ಸ್ವಲ್ಪ ಹೊತ್ತಿನ ಮೇಲೆ ನಿರ್ವಾಹಕರು ಅವರ ಹೆಸರನ್ನು ಎರಡು ಸಲ ಕೂಗಿ, "ಗೈರುಹಾಜರು" ಎಂದು ಸಾರಿದರು. ಎಲ್ಲರಿಗಿಂತ ಮೊದಲು ಬಂದು ಬೆಳಗಿನಿಂದ ಕುಳಿತವರು ಗೈರುಹಾಜರಾದರು. ಹನ್ನೆರಡಕ್ಕೆ ಬಂದು ಒಂದಕ್ಕೆ ಹೋದವರ ಹೆಸರು ಮರುದಿನದ ಪತ್ರಿಕೆಯಲ್ಲಿ ಬಂದಿತು.

ಇಷ್ಟಕ್ಕೇ ಮುಗಿದಿದ್ದರೆ ಸಣ್ಣ ಸಂಕಟವೆಂದು ಮರೆತುಬಿಡಬಹುದಾಗಿತ್ತು. ಮಳೆಗಾಲ ಹಿಡಿದ ಮೇಲೆ ಅವರಿಗೆ ಒಂದು ಕಾಗದ ಬರೆದು, ಆ ಕಲ್ಲನ್ನು ನೋಡಲು ಬರುವೆನೆಂದು ತಿಳಿಸಿದೆನು. ಉತ್ತರ ಬಂದಿತು: ಮಕ್ಕಳು ಬಿದ್ದಾರೆಂಬ ಹೆದರಿಕೆಯಿಂದ ಊರವರು ಬೇಸಗೆಯಲ್ಲಿಯೇ ಹಾಳುಬಾವಿಯನ್ನು ಮಣ್ಣು ಹಾಕಿ ಮುಚ್ಚಿಸಿದ್ದರು; ಮೆಟ್ಟಿಲ ಕಲ್ಲೂ ಅದರೊಳಗೇ ಹೋಯಿತು. ಊರವರನ್ನು ದೂರುವಂತಿಲ್ಲ, ಅವರ ಮಕ್ಕಳು ಅವರಿಗೆ ದೊಡ್ಡವರು. ಆದರೆ ಆ ದಿನ ಸೇಡಂನ ಸಭೆಯಲ್ಲಿ, ಶಾಸನಗಳ ಅಚ್ಚು ತೆಗೆಯಬಲ್ಲ ಇಬ್ಬರು ಪಂಡಿತರು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದರು. ಆಕೆಯ ಪ್ರಬಂಧ ಹತ್ತು ನಿಮಿಷದ್ದು. ನನ್ನ ಮೂವತ್ತು ಹೆಚ್ಚುವರಿ ನಿಮಿಷಗಳಲ್ಲಿ ಅದನ್ನು ಮೂರು ಸಲ ಓದಬಹುದಾಗಿತ್ತು.

ಈ ಚಳಿಗಾಲದಲ್ಲಿ ಚಿತ್ತಾಪುರದಲ್ಲಿ ಒಂದು ಸಣ್ಣ ಗೋಷ್ಠಿ ಮಾಡಬೇಕೆಂದು ಕೆಲವರು ನನ್ನ ಸಹಾಯ ಕೇಳಿದರು. ಅದಕ್ಕೆ ಮುನ್ನ ಒಂದು ದಿನ ಊರಿಗೆ ಸಮೀಪದ ನಾಗಾವಿಗೆ ಹೋಗಿ ಬಂದೆನು. ಚಾಲುಕ್ಯರ ಕಾಲದಲ್ಲಿ ಅಲ್ಲಿ ಘಟಿಕಾಸ್ಥಾನವಿದ್ದಿತು. ೧೦೫೮ರ ಶಾಸನದಲ್ಲಿ ವೇದವನ್ನೋದುವ ೨೦೦ ಮಂದಿ ವಿದ್ಯಾರ್ಥಿಗಳಿಗೂ, ಶಾಸ್ತ್ರಾಭ್ಯಾಸಿಗಳಿಗೂ, ಬೋಧಿಸುವ ಆಚಾರ್ಯರಿಗೂ, ಗ್ರಂಥಗಳನ್ನು ಕಾಯುವ ೬ ಮಂದಿ ಸರಸ್ವತೀ ಭಾಂಡಾರಿಕರಿಗೂ ಜೀವನವೃತ್ತಿ ಏರ್ಪಡಿಸಿದ ವಿವರವುಂಟು. ಆ ಕಲ್ಲುಕಂಬಗಳ ನಡುವೆ ನಿಂತಾಗ ನನಗೆ ಹೊಳೆದುದು ಇಷ್ಟೇ: ವಿದ್ಯೆಯ ವ್ಯವಸ್ಥೆ ಮಾಡಿದ ಆ ಹಿರಿಯರು ಮೊದಲು ಯೋಚಿಸಿದುದು ಓದುವವನ ಊಟ ವಸತಿಗಳನ್ನು. ನಾವು ಮೊದಲು ಯೋಚಿಸುವುದು ಶಾಲನ್ನು.

ಆದಕಾರಣ ಚಿತ್ತಾಪುರದ ಸಭೆಗೆ ಭಾಷಣಕಾರರ ಪಟ್ಟಿ ಮಾಡುವ ಮೊದಲು ನಾನು ಬಸ್ಸು ನಿಲ್ದಾಣಕ್ಕೂ ರೈಲು ನಿಲ್ದಾಣಕ್ಕೂ ಹೋಗಿ ವೇಳೆಗಳನ್ನು ಬರೆದು ತಂದೆನು. ಯಾರು ಎಲ್ಲಿಂದ ಬರುವರು, ಎಲ್ಲಿ ಬಂಡಿ ಬದಲಿಸುವರು, ಬದಲಿಸಿದ ಊರಿನಿಂದ ಅವರ ಹಳ್ಳಿಗೆ ಕಡೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಒಬ್ಬೊಬ್ಬರನ್ನೇ ಕೇಳಿದೆನು. ಎರಡು ಬಸ್ಸು ಹಿಡಿಯುವವನಿಗೆ ಎರಡನೆಯ ಬಸ್ಸೇ ಯಜಮಾನ; ಮೊದಲನೆಯದು ಗಂಟೆಗೊಂದಿದ್ದರೂ ಪ್ರಯೋಜನವಿಲ್ಲ. ದೂರದವರ ಹೆಸರುಗಳನ್ನು ಮೇಲೆಯೂ, ಊರವರ ಹೆಸರುಗಳನ್ನು ಕೆಳಗೂ ಬರೆದೆವು. ನನ್ನ ಹೆಸರನ್ನು ಬರೆಯಲೇ ಇಲ್ಲ.

ಚಿಂಚೋಳಿಯ ಉಪಾಧ್ಯಾಯಿನಿಯವರು ಮೊದಲಿಗರಾಗಿ ಓದಿದರು. ದಾರಿಹೋಕರಿಗೆ ನೀರು ಕೊಡುವ ಅರವಟ್ಟಿಗೆಗಾಗಿ ಯಾರೋ ಪುಣ್ಯಾತ್ಮರು ಭೂಮಿ ಬಿಟ್ಟ ಸಂಗತಿ ಆ ಕಲ್ಲಿನಲ್ಲಿದ್ದಿತು. ಅಚ್ಚು ದೊರೆತಿದ್ದರೆ ಸವೆದ ಸಾಲುಗಳಿಂದ ಅರಸನ ಹೆಸರೂ ವರ್ಷವೂ ತಿಳಿಯಬಹುದಾಗಿತ್ತೆಂದು ಅಲ್ಲಿದ್ದ ಪಂಡಿತರೊಬ್ಬರು ಹೇಳಿದರು. ನಾನು ತಲೆ ಎತ್ತಲಿಲ್ಲ. ಈಗ ಉಳಿದಿರುವುದು ಆಕೆಯ ಶಾಲೆಯ ಹಾಳೆಗಳು ಮಾತ್ರ.

ಇನ್ನು ನಿಮಗೆ, ನನ್ನ ಅನುಭವದಿಂದ ಒಂದೆರಡು ಬಿನ್ನಹ. ಸಭೆ ಕೂಡಿಸುವವರು ನೀವಾದರೆ, ಆಮಂತ್ರಣದಲ್ಲಿ ಹತ್ತಿರದ ನಿಲ್ದಾಣ, ಅಲ್ಲಿಂದ ಸಭೆಯ ಸ್ಥಳಕ್ಕೆ ದೊರೆಯುವ ವಾಹನ, ತಿರುಗಿ ಹೋಗುವ ಕಡೆಯ ಬಸ್ಸುಗಳ ವೇಳೆ, ಇಷ್ಟನ್ನು ತಪ್ಪದೆ ಅಚ್ಚು ಹಾಕಿಸಿರಿ. ಆ ವೇಳೆಗೆ ಒಂದು ಗಂಟೆ ಮುಂಚೆ ಸಭೆಯನ್ನು ಮುಗಿಸಿರಿ. ಉದ್ಘಾಟಕರು ಬರುವುದು ತಡವಾದರೆ ಪ್ರಬಂಧಗಳನ್ನು ಮೊದಲು ಓದಿಸಿರಿ. ದೀಪವನ್ನು ಮಧ್ಯಾಹ್ನ ಹಚ್ಚಿದರೂ ಉರಿಯುತ್ತದೆ. ಸಭೆಗೆ ಹೋಗುವವರು ನೀವಾದರೆ, ನಿಮ್ಮ ವೇಳೆಯನ್ನು ಮೊದಲೇ ಬರೆದು ತಿಳಿಸಿರಿ. ಇದರಲ್ಲಿ ಸಂಕೋಚ ಬೇಡ. ಸ್ವಂತ ಮೋಟಾರಿನಲ್ಲಿ ಬಂದವರು ಹೊರಡುವಾಗ, "ನಮ್ಮ ದಾರಿಯವರು ಯಾರಾದರೂ ಇದ್ದೀರಾ?" ಎಂದು ಒಮ್ಮೆ ಕೇಳಿರಿ.

ಮನೆಯ ಯಜಮಾನರಿಗೆ ಮತ್ತೊಂದು ಮಾತು. ೨೦೨೩ರ ಜೂನ್ ೧೧ರಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೀಟಿನ ಹಣವಿಲ್ಲ. ಖರ್ಚಿನ ತೊಡಕು ಕಳೆಯಿತು. ಹೊತ್ತಿನ ತೊಡಕು ಕಳೆಯಲಿಲ್ಲ. ನಿಮ್ಮ ಮಗಳೋ ಸೊಸೆಯೋ ಪ್ರಬಂಧ ಓದಲು ಹೊರಟರೆ "ಕತ್ತಲಾದರೆ ಏನು ಗತಿ?" ಎಂದು ತಡೆಯಬೇಡಿರಿ, ಆ ಪ್ರಶ್ನೆಯನ್ನು ಸಭೆಯವರಿಗೆ ಕೇಳಿರಿ. ಉತ್ತರ ಕೊಡಬೇಕಾದವರು ಅವರು.

'ಗೋಷ್ಠಿ' ಎಂಬುದು ಗೋಷ್ಠ ಎಂಬ ಶಬ್ದದಿಂದ ಬಂದುದು; ಗೋಷ್ಠವೆಂದರೆ ಹಸುಗಳು ಬಂದು ಸೇರುವ ಹಟ್ಟಿ. ಹೊತ್ತು ಮುಳುಗುವ ಮುನ್ನ ಹಸುವು ತನ್ನ ಕರುವಿರುವಲ್ಲಿಗೆ ಬಂದು ಸೇರಬೇಕು. ದನ ಕಾಯುವ ಹುಡುಗನಿಗೆ ತಿಳಿದಿರುವ ಈ ಮಾತನ್ನು ಕಲಿಯಲು ನನಗೆ ಅರುವತ್ತು ವರ್ಷ ಬೇಕಾಯಿತು. ನಿಮಗೆ ಅಷ್ಟು ತಡವಾಗದಿರಲಿ.