ಇನ್ನೂ ಆಡದವನನ್ನು ಬೇಗ ಕೈಬಿಡಬಾರದು



ಕಬಡ್ಡಿಯಲ್ಲಿ 7 ಜನ ಒಳಗೆ ಆಡ್ತಾರೆ, 5 ಜನ ಹೊರಗೆ ಕೂತಿರ್ತಾರೆ. ಹೊರಗೆ ಕೂತವರ ಬಗ್ಗೆ ಯಾರೂ ಬರೆಯುವುದಿಲ್ಲ. ಈ ಸಲ ನಾನು ಅಂಥವರ ಬಗ್ಗೆಯೇ ಬರೆದಿದ್ದೇನೆ. ಆದರೆ ಇವರು ಕಬಡ್ಡಿಯವರಲ್ಲ, ಆಸ್ಟ್ರೇಲಿಯಾ ದೇಶದ ಫುಟ್‌ಬಾಲಿನವರು.

ಇದು ನಾವು ಆಡುವ ಫುಟ್‌ಬಾಲ್ ಅಲ್ಲ. ಮೈದಾನವೂ ಮೊಟ್ಟೆಯಾಕಾರ, ಚೆಂಡೂ ಮೊಟ್ಟೆಯಾಕಾರ! ಮೈದಾನದಲ್ಲಿ ಒಂದು ತಂಡದ 18 ಜನ ಇರುತ್ತಾರೆ. ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಕಾಲಲ್ಲೂ ಒದೆಯಬಹುದು. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ 6 ಅಂಕ, ಪಕ್ಕದ ಸಂದಿಯಲ್ಲಿ ಹೋದರೆ 1 ಅಂಕ. ದೊಡ್ಡ ಪಂದ್ಯಾವಳಿಗೆ ಎ.ಎಫ್.ಎಲ್. ಎಂದು ಹೆಸರು. ಅದರಲ್ಲಿ 18 ಕ್ಲಬ್‌ಗಳಿವೆ.

ಒಂದೊಂದು ಕ್ಲಬ್ಬಿನ ಪಟ್ಟಿಯಲ್ಲಿ 40ಕ್ಕೂ ಹೆಚ್ಚು ಆಟಗಾರರು. ಪಂದ್ಯಕ್ಕೆ ಆರಿಸುವುದು 23 ಜನರನ್ನು ಮಾತ್ರ. ಉಳಿದವರಲ್ಲಿ ಗಾಯವಾದವರು ಕೆಲವರು, ಒಂದೂ ಪಂದ್ಯ ಆಡದ ಹುಡುಗರು ಕೆಲವರು. ವರ್ಷದ ಕೊನೆಗೆ ಡ್ರಾಫ್ಟ್ ಅಂತ ಆಯ್ಕೆ ನಡೆಯುತ್ತದೆ. ಕಡೇ ಸ್ಥಾನ ಬಂದ ಕ್ಲಬ್ಬಿಗೆ ಮೊದಲ ಸರದಿ. ಹೀಗೆ ಬರುವ ಹೆಚ್ಚಿನವರಿಗೆ 18 ವರ್ಷ. ಎಷ್ಟೋ ಜನ ಮನೆ ಬಿಟ್ಟು ದೂರದ ರಾಜ್ಯಕ್ಕೆ ಹೋಗಬೇಕು. ಹಲವರಿಗೆ ಮೊದಲು ಸಿಗುವುದು 2 ವರ್ಷದ ಕರಾರು. ಅಷ್ಟರಲ್ಲಿ ಮೆಚ್ಚುಗೆಯಾಗದಿದ್ದರೆ ಹೆಸರು ಹೊಡೆದು ಹಾಕುತ್ತಾರೆ.

ಇದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. "ಬೆಳೆಯುವ ಸಿರಿ ಮೊಳಕೆಯಲ್ಲಿ" ಅಂತ ಗಾದೆ ಇದೆ. ಆದರೆ ಎಲ್ಲಾ ಬೀಜವೂ ಒಂದೇ ದಿನ ಮೊಳಕೆ ಬರುತ್ತದೆಯೇ? ರಾಗಿ ಬೇಗ ಬರುತ್ತದೆ, ತೆಂಗಿನಕಾಯಿ ತಿಂಗಳುಗಟ್ಟಲೆ ಕಾಯಿಸುತ್ತದೆ.

ಉದಾಹರಣೆ ಕೊಡುತ್ತೇನೆ. ಜಿಮ್ ಸ್ಟೈನ್ಸ್ ಐರ್ಲೆಂಡಿನಿಂದ 1984ರಲ್ಲಿ ಮೆಲ್ಬರ್ನ್ ಕ್ಲಬ್ಬಿಗೆ ಬಂದರು. ಮೊಟ್ಟೆ ಚೆಂಡಿನ ಆಟವೇ ಅವರಿಗೆ ಹೊಸದು. ಮೊದಲ ದೊಡ್ಡ ಪಂದ್ಯ ಸಿಕ್ಕಿದ್ದು 1987ರಲ್ಲಿ. 1991ರಲ್ಲಿ ಅವರೇ ಅತ್ಯುತ್ತಮ ಆಟಗಾರನ ಬ್ರೌನ್‌ಲೋ ಪದಕ ಗೆದ್ದರು. ಒಂದೂ ತಪ್ಪಿಸದೆ ಸತತ 244 ಪಂದ್ಯ ಆಡಿದರು! ಡೇನ್ ಸ್ವಾನ್ 2001ರ ಡ್ರಾಫ್ಟಿನಲ್ಲಿ 58ನೆಯವರು. 2003ರವರೆಗೆ ಕಾದರು. 2011ರಲ್ಲಿ ಅವರಿಗೂ ಅದೇ ಪದಕ ಬಂತು. ಮಾರ್ಲಿಯನ್ ಪಿಕೆಟ್ ಅವರ ಕಥೆ ಇನ್ನೂ ಆಶ್ಚರ್ಯ. ರಿಚ್ಮಂಡ್ ಕ್ಲಬ್ ಅವರನ್ನು ಆರಿಸಿದಾಗ ವಯಸ್ಸು 27. ಅವರ ಮೊದಲ ಪಂದ್ಯವೇ 2019ರ ಫೈನಲ್! ಒಂದು ಗೋಲೂ ಹೊಡೆದರು, ತಂಡವೂ 89 ಅಂಕಗಳಿಂದ ಗೆದ್ದಿತು.

"ಒಬ್ಬನನ್ನೇ ಇಟ್ಟುಕೊಂಡರೆ ಹೊಸ ಹುಡುಗನಿಗೆ ಜಾಗ ಎಲ್ಲಿ?" ಅಂತ ನೀವು ಕೇಳಬಹುದು. ಪ್ರಶ್ನೆ ನ್ಯಾಯವೇ. ಕಾದವರೆಲ್ಲ ಗೆಲ್ಲುವುದೂ ಇಲ್ಲ. ಅದಕ್ಕೇ ಎಲ್ಲರನ್ನೂ ಇಟ್ಟುಕೊಳ್ಳಿ ಅಂತ ನಾನು ಹೇಳುವುದಿಲ್ಲ. ಮೂರು ಮಾತು ಹೇಳುತ್ತೇನೆ.

1. ಎತ್ತರದ ಹುಡುಗರ ಮೈ ಗಟ್ಟಿಯಾಗಲು ಹೆಚ್ಚು ಕಾಲ ಬೇಕು. ಗಾಯವಾದವರಿಗೆ ಆಡಲು ದಿನವೇ ಸಿಗುವುದಿಲ್ಲ. ಇವರಿಬ್ಬರಿಗೂ 3 ವರ್ಷ ಕೊಡಬೇಕು.

2. ಫೈನಲ್ ಸುತ್ತಿಗೆ ಹೋಗುವ ಆಸೆ ಇಲ್ಲದ ತಂಡ ಕೊನೆಯ ಪಂದ್ಯಗಳಲ್ಲಾದರೂ ಇಂಥವರನ್ನು ಇಳಿಸಬೇಕು. ನೀರಿಗೆ ಇಳಿಸದೆ ಈಜು ಬರುತ್ತೋ ಇಲ್ಲವೋ ಅಂತ ಹೇಳೋದು ಹೇಗೆ?

3. ಕೈಬಿಡುವುದಾದರೆ ಏನು ಕಡಿಮೆಯಾಯಿತು ಎಂದು ಮುಖಕ್ಕೆ ಮುಖ ಕೊಟ್ಟು ಹೇಳಬೇಕು. ಆಗ ಅವನು ಕಲಿತು ಬೇರೆ ಕಡೆ ಪ್ರಯತ್ನಿಸಬಹುದು.

ಹೊರಗೆ ಕೂತಿರುವ ಗೆಳೆಯರೇ, ನೀವೂ ಅಭ್ಯಾಸ ಬಿಡಬೇಡಿ. ಸರದಿ ಯಾವ ದಿನ ಬರುತ್ತದೋ ಗೊತ್ತಿಲ್ಲ, ಬಂದ ದಿನ ನಾವು ತಯಾರಿರಬೇಕು. ಆರಿಸುವ ಹಿರಿಯರು ಆ ಒಂದು ದಿನವನ್ನು ಎಲ್ಲರಿಗೂ ಕೊಡಬೇಕು ಅಂತ ನನ್ನ ವಿನಂತಿ.

— ಏಳನೇ ತರಗತಿಯ ವಿದ್ಯಾರ್ಥಿ