ಪ್ರಾಣಿಪ್ರಪಂಚ: ಬಿರುಗೂದಲಿನ ಕಡಲಹುಳುಗಳು

ಯೂರೋಪಿನ ಕಡಲತೀರಗಳಲ್ಲಿ ಬಿರುಗಾಳಿ ಬೀಸಿ ಅಡಗಿದ ಮೇಲೆ, ಗೇಣಿಗಿಂತ ತುಸು ಕಿರಿದಾದ, ಮೈತುಂಬ ರೋಮವುಳ್ಳ ಪ್ರಾಣಿಯೊಂದು ಮರಳಿನ ಮೇಲೆ ಬಿದ್ದಿರುವುದುಂಟು. ಆ ನಾಡಿನವರು ಇದನ್ನು ‘ಕಡಲಿಲಿ’ ಎಂದು ಕರೆಯುತ್ತಾರೆ. ಆದರೆ ಮಗುಚಿ ನೋಡಿದರೆ ಇಲಿಯ ಲಕ್ಷಣವೊಂದೂ ಕಾಣದು. ಮೈಯೆಲ್ಲ ಉಂಗುರಗಳಿಂದಾದುದು, ಉಂಗುರಗಳ ಇಕ್ಕೆಲಗಳಲ್ಲಿ ಮೆತುವಾದ ಕಿರುಗಾಲುಗಳು, ಅವುಗಳಿಂದ ಹೊರಟ ಬಿರುಗೂದಲುಗಳು. ಬೆನ್ನಿನ ರೋಮವನ್ನು ಸರಿಸಿದರೆ ಅದರಡಿಯಲ್ಲಿ 15 ಜೊತೆ ಹುರುಪೆಗಳು. ಇದು ಇಲಿಯಲ್ಲ, ಹುಳು. 1758ರಲ್ಲಿ ಲಿನ್ನೇಯಸ್ ಪಂಡಿತನು ಇದಕ್ಕೆ ‘ಅಫ್ರೊಡೈಟ’ ಎಂದು ಹೆಸರಿಟ್ಟನು.

ಇಂಥ ಹುಳುಗಳಿಗೆ ಶಾಸ್ತ್ರಜ್ಞರು ‘ಪಾಲಿಕೀಟ’ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ‘ಬಹಳ ಕೂದಲುಳ್ಳವು’ ಎಂದು ಇದರ ಅರ್ಥ. ನಮ್ಮ ‘ಕೀಟ’ ಶಬ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಇವುಗಳಲ್ಲಿ 10,000ಕ್ಕೂ ಹೆಚ್ಚು ಜಾತಿಗಳು ತಿಳಿದುಬಂದಿವೆ. ಬಣ್ಣವನ್ನಾಗಲಿ ಉದ್ದವನ್ನಾಗಲಿ ನಂಬಿ ಇವುಗಳ ಕುಲವನ್ನು ನಿರ್ಣಯಿಸಲಾಗದು. ತಲೆ, ಕಾಲು, ಕೂದಲು ಎಂಬ ಮೂರನ್ನು ಪರೀಕ್ಷಿಸತಕ್ಕದ್ದು.

ಮೊದಲು ತಲೆ. ‘ನೀರಿಯಿಸ್’ ಎಂಬ ಹುಳುವಿಗೆ ನಾಲ್ಕು ಕಣ್ಣು, ಎರಡು ಮೀಸೆ. ಅದು ಬಾಯಿಂದ ಹೊರಚಾಚುವ ಸೊಂಡಿಲಿನ ತುದಿಯಲ್ಲಿ ಒಂದು ಜೊತೆ ದವಡೆ. ‘ಗ್ಲಿಸೆರ’ದ ತಲೆ ಬುಗುರಿಯ ಮೊಳೆಯಂತೆ ಚೂಪು, ದವಡೆಗಳು ನಾಲ್ಕು. ‘ಯೂನಿಸ್’ ಹುಳುವಿಗಾದರೋ ಮೀಸೆಗಳೇ ಐದು.

ಎರಡನೆಯದು ಕಾಲು. ಅಲೆದಾಡಿ ಬೇಟೆಯಾಡುವ ಹುಳುಗಳಿಗೆ ಕಾಲುಗಳು ದೊಡ್ಡವು. ಸುಣ್ಣದ ಅಥವಾ ಕೆಸರಿನ ಕೊಳವೆ ಕಟ್ಟಿಕೊಂಡು ಅದರೊಳಗೇ ಬಾಳುವ ಹುಳುಗಳಿಗೆ ಕಾಲು ಕುಗ್ಗಿ ಹೋಗಿರುತ್ತದೆ.

ಮೂರನೆಯದು ಕೂದಲು. ಇದಕ್ಕೆ ಸೂಕ್ಷ್ಮದರ್ಶಕ ಯಂತ್ರವೇ ಬೇಕು. ಕೆಲವು ಕೂದಲು ಒಂದೇ ಎಳೆ, ಕೆಲವು ನಡುವೆ ಕೀಲುಳ್ಳವು. ಕೊಳವೆವಾಸಿಗಳಲ್ಲಿ ಕೂದಲು ಕಿರುಗೊಕ್ಕೆಗಳಾಗಿ ಮಾರ್ಪಟ್ಟು ಕೊಳವೆಯ ಗೋಡೆಯನ್ನು ಹಿಡಿದುಕೊಳ್ಳುತ್ತದೆ. ಬೆಚ್ಚನೆಯ ಕಡಲುಗಳಲ್ಲಿರುವ ‘ಬೆಂಕಿಹುಳು’ವಿನ ಕೂದಲು ಸುಣ್ಣದ ಅಂಶದಿಂದಾದುದು, ಮುಟ್ಟಿದೊಡನೆ ಮುರಿದು ಚರ್ಮದಲ್ಲಿ ನಾಟಿ ಉರಿ ಹತ್ತಿಸುತ್ತದೆ. ಆದುದರಿಂದ ಕಡಲತೀರದಲ್ಲಿ ಮಕ್ಕಳು ಇಂಥ ರೋಮಶ ಹುಳುವನ್ನು ಬರಿಗೈಯಿಂದ ಎತ್ತದಂತೆ ಹಿರಿಯರು ನೋಡಿಕೊಳ್ಳಬೇಕು.

ಮೂರರಲ್ಲಿ ಒಂದೆರಡನ್ನೇ ನಂಬಿದರೆ ಆಗುವ ಪ್ರಮಾದಕ್ಕೆ ಒಂದು ನಿದರ್ಶನವುಂಟು. ಪ್ರಜನನಕಾಲ ಬಂದಾಗ ನೀರಿಯಿಸ್ ಜಾತಿಯ ಹಲವು ಹುಳುಗಳು ರೂಪವನ್ನೇ ಬದಲಿಸುತ್ತವೆ. ಕಣ್ಣು ಹಿಗ್ಗುತ್ತದೆ, ಮೈಯ ಹಿಂಭಾಗದ ಕಾಲುಗಳು ಹುಟ್ಟುಗಳಂತೆ ಅಗಲವಾಗುತ್ತವೆ, ಹಳೆಯ ಕೂದಲು ಉದುರಿ ಈಜುವುದಕ್ಕೆ ತಕ್ಕ ಚಪ್ಪಟೆಯ ಕೂದಲು ಮೂಡುತ್ತದೆ. ಅವು ಕಡಲತಳವನ್ನು ಬಿಟ್ಟು ಮೇಲೇರಿ, ಸಂತಾನಬೀಜವನ್ನು ನೀರಿನಲ್ಲಿ ಚೆಲ್ಲಿ ಸಾಯುತ್ತವೆ. 19ನೆಯ ಶತಮಾನದ ಪಂಡಿತರು ಈ ಈಜುಹುಳುವನ್ನು ಬೇರೆಯ ಪ್ರಾಣಿಯೆಂದೇ ಬಗೆದು ‘ಹೆಟರೊನೀರಿಯಿಸ್’ ಎಂಬ ಪ್ರತ್ಯೇಕ ಹೆಸರನ್ನು ಕೊಟ್ಟಿದ್ದರು. ಒಂದೇ ಜೀವಿಗೆ ಎರಡು ಕುಲ! ಆದರೆ ಸೊಂಡಿಲಿನ ಕಿರುಹಲ್ಲುಗಳ ಜೋಡಣೆ ಮಾತ್ರ ಬದಲಾಗಿರುವುದಿಲ್ಲ. ಅದನ್ನು ನೋಡಿದವರಿಗೆ ಈಜುಹುಳುವಿನ ನಿಜವಾದ ಕುಲವು ತಿಳಿಯುತ್ತದೆ.

ಅಂಗಪರೀಕ್ಷೆಗೂ ನಿಲುಕದ ಬಾಂಧವ್ಯಗಳುಂಟು. ಹಿಂದಿನವರು ಈ ಹುಳುಗಳನ್ನು ಸಂಚಾರಿಗಳು, ಸ್ಥಾವರವಾಸಿಗಳು ಎಂದು ಎರಡಾಗಿ ವಿಂಗಡಿಸಿದ್ದರು. ಬಳಿಕ ಬಂದವರು ಇದು ಕೇವಲ ಜೀವನಕ್ರಮದ ಭೇದವೆಂದು ತಳ್ಳಿಹಾಕಿದರು. 2011ರಲ್ಲಿ ವಂಶವಾಹಿಗಳನ್ನು ಹೋಲಿಸಿ ನೋಡಿದಾಗ, ಆ ಹಳೆಯ ವಿಭಾಗದಲ್ಲಿ ಬಹುಮಟ್ಟಿಗೆ ಸತ್ಯವಿತ್ತೆಂದು ಕಂಡುಬಂದಿತು. ಅಷ್ಟೇ ಅಲ್ಲ, ಕಾಲೇ ಇಲ್ಲದ ಎರೆಹುಳು ಮತ್ತು ಜಿಗಣೆಗಳೂ ಸ್ಥಾವರವಾಸಿಗಳ ವಂಶಕ್ಕೇ ಸೇರಿದವೆಂದು ತಿಳಿದುಬಂದಿತು.

ವಾಚಕರು ಇದಕ್ಕೆ ಕುರುಹನ್ನು ತಮ್ಮ ಹಿತ್ತಲಲ್ಲಿಯೇ ಕಾಣಬಹುದು. ಎರೆಹುಳುವೊಂದನ್ನು ಅಂಗೈಯಲ್ಲಿಟ್ಟುಕೊಂಡು, ಬಾಲದಿಂದ ತಲೆಯ ಕಡೆಗೆ ಬೆರಳನ್ನು ಮೆಲ್ಲನೆ ಸವರಬೇಕು. ನುಣುಪೆಂದು ತಿಳಿದಿದ್ದ ಮೈ ಬೆರಳಿಗೆ ತರಿತರಿಯಾಗಿ ತಗಲುತ್ತದೆ. ಅದೇ ಬಿರುಗೂದಲು. ನೋಡಿದ ಮೇಲೆ ಹುಳುವನ್ನು ಹಸಿಮಣ್ಣಿಗೆ ಹಿಂದಿರುಗಿಸುವುದನ್ನು ಮರೆಯಬಾರದು.